ಕಾಲು ಗುಲಗಂಜಿ

ಕಳೆದ ವರ್ಷ ರಾಮನವಮಿಯ ಹೊತ್ತಿಗೆ ಸರಿಯಾಗಿ ರಜ ಸಿಕ್ಕಿ ಊರಿಗೆ ಬಂದಿದ್ದೆ. ಬಸವೇಶ್ವರನಗರದ ನಮ್ಮ ಬೀದಿಯ ಕೊನೆಯಲ್ಲಿ ಶಾಮಿಯಾನ ಹಾಕಿ ಪಾನಕ, ಕೋಸಂಬರಿ, ಬಾಳೆಹಣ್ಣಿನ ರಸಾಯನ ಹಂಚುತ್ತಿದ್ದರು. ದೊನ್ನೆಯನ್ನು ಕೈಗಿಡುತ್ತ ಎದುರುಮನೆ ಅಂಕಲ್ ವಿಚಾರಿಸಿದರು:

"ಜರ್ಮನೀಲಿ ಏನಮ್ಮಾ ಓದ್ತಿರೋದು ನೀನು?"

"ಕೆಮಿಸ್ಟ್ರಿ ಅಂಕಲ್. ಪಿಎಚ್‌ಡಿ."

"ಒಳ್ಳೇದೇ ಆಯ್ತು ಬಿಡು. ಮುಗಿಸ್ಕೊಂಡು ಬಂದು ಹಾವನೂರು ಸರ್ಕಲ್ ಹತ್ರ ಒಂದು ಮೆಡಿಕಲ್ ಸ್ಟೋರ್ ಹಾಕ್ಬಿಟ್ರೆ ಆಯ್ತು. ಆ ಬಿಸಿನೆಸ್‌ನಲ್ಲಿ ಯಾವತ್ತೂ ಲಾಸ್ ಇಲ್ಲ."

ಅವರದ್ದೇನೂ ತಪ್ಪಿಲ್ಲ. ನಮ್ಮೂರಿನ ಔಷಧಿ ಅಂಗಡಿಗಳ ಬೋರ್ಡಿನ ಮೇಲೆ 'ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್' ಎಂದೇ ಬರೆದಿರುತ್ತದೆ. ಕೆಮಿಸ್ಟ್ ಎಂದರೆ ಜ್ವರದ ಮಾತ್ರೆಯನ್ನು ಕತ್ತರಿಯಲ್ಲಿ ಕತ್ತರಿಸಿ ಕೊಡುವವನು. ರಸಾಯನಶಾಸ್ತ್ರ ಎಂದು ಅಚ್ಚಗನ್ನಡದ ಗತ್ತಿನಲ್ಲಿ ಹೇಳೋಣವೆಂದರೆ ಕೈಯಲ್ಲಿರುವ ದೊನ್ನೆ ಅಡ್ಡ ಬರುತ್ತದೆ. ಬಾಳೆಹಣ್ಣು, ಬೆಲ್ಲ, ಕಾಯಿಹಾಲು, ಏಲಕ್ಕಿ. ಇದರ ಶಾಸ್ತ್ರ ಓದಲು ಜರ್ಮನಿಗೆ ಯಾಕೆ ಹೋಗಬೇಕಿತ್ತು?

ನಮ್ಮ ಸೋದರಮಾವನದು ಬೇರೆ ದಾರಿ. ಅವರ ಮಟ್ಟಿಗೆ ಕೆಮಿಸ್ಟ್ರಿ ಎಂದರೆ ಸಿ.ಎನ್.ಆರ್. ರಾವ್. ಬೆಂಗಳೂರಿನ ಹುಡುಗ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯಕ್ಕೆ ಹೋಗಿ 1958ರಲ್ಲಿ, 24ನೇ ವಯಸ್ಸಿಗೆ, ಪಿಎಚ್‌ಡಿ ಮುಗಿಸಿದ್ದನ್ನು, ಮರುವರ್ಷ ವಾಪಸು ಬಂದು ಟಾಟಾ ಇನ್‌ಸ್ಟಿಟ್ಯೂಟ್ ಸೇರಿದ್ದನ್ನು ಮಾವ ತಮ್ಮ ಮನೆಯದೇ ಸುದ್ದಿಯ ಹಾಗೆ ಹೇಳುತ್ತಾರೆ. "ಬರೀ ಎರಡು ವರ್ಷ ಒಂಬತ್ತು ತಿಂಗಳು ಕಣೇ ಅವರಿಗೆ ಹಿಡಿದದ್ದು! ನೀನು ಹೋಗಿ ಎಷ್ಟಾಯ್ತು?"

"ಎರಡು ವರ್ಷ ಹನ್ನೊಂದು ತಿಂಗಳು ಮಾವ."

ಮಾವ ಏನೂ ಹೇಳಲಿಲ್ಲ. ರಸಾಯನ ತಿಂದರು.

ಇಬ್ಬರನ್ನೂ ದಾಟಿ ಬಂದ ಮೇಲೆ ಮನೆಯಲ್ಲಿ ಅಜ್ಜಿ. ಅಜ್ಜಿಗೆ ಪದವಿ, ವಿಷಯ, ಹೆಸರು ಯಾವುದೂ ಬೇಡ. ಲೆಕ್ಕ ಬೇಕು.

"ಮೂರು ವರ್ಷದಿಂದ ಅಲ್ಲಿ ಏನೋ ಮಾಡ್ತಿದೀನಿ ಅಂತೀಯಲ್ಲ ಪುಟ್ಟಿ, ಎಷ್ಟು ಮಾಡ್ದೆ?"

"ಮೂವತ್ತೆರಡು ಮಿಲಿಗ್ರಾಂ ಅಜ್ಜಿ."

"ನನಗೆ ಅರ್ಥ ಆಗೋ ಹಾಗೆ ಹೇಳು."

ಅಜ್ಜಿಯ ತವರಿನಲ್ಲಿ ಪಕ್ಕದ ಮನೆ ಅಕ್ಕಸಾಲಿಗರದ್ದು. ತಕ್ಕಡಿಯ ತಟ್ಟೆಯಲ್ಲಿ ಗುಲಗಂಜಿ ಇಟ್ಟು ಬಂಗಾರ ತೂಗುವುದನ್ನು ನೋಡಿಕೊಂಡೇ ಬೆಳೆದವಳು. ಒಂದು ಗುಲಗಂಜಿ ಎಂದರೆ ಸುಮಾರು 120 ಮಿಲಿಗ್ರಾಂ. ಮನಸ್ಸಿನಲ್ಲೇ ಭಾಗಿಸಿ ಹೇಳಿದೆ: "ಕಾಲು ಗುಲಗಂಜಿ."

"ಚಿನ್ನಾನಾ?"

"ಅಲ್ಲ."

"ವಜ್ರಾನಾ?"

"ಅಲ್ಲ ಅಜ್ಜಿ, ಗಂಧದೆಣ್ಣೇಲಿ ಇರುತ್ತಲ್ಲ, ಆ ಥರದ್ದು ಒಂದು ಪದಾರ್ಥ."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ಬೀರು ತೆಗೆದಳು. ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಕೈ ಹಾಕಿ ಒಂದು ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆ ತಂದು ನನ್ನ ಮಡಿಲಿಗೆ ಹಾಕಿದಳು. "ಇದಕ್ಕೋಸ್ಕರ ಅಷ್ಟು ದೂರ ಹೋದ್ಯಾ? ಸೋಪ್ ಫ್ಯಾಕ್ಟರಿ ಇಲ್ಲೇ ಇದೆಯಲ್ಲೇ."

ಅವತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಕಾಲು ಗುಲಗಂಜಿ ಯಾಕೆ ಅಷ್ಟೇ ಆಯಿತು ಎಂಬುದನ್ನಾದರೂ ಹೇಳಬಹುದು. ಗಂಧದೆಣ್ಣೆಯ ಬಹುಪಾಲು ಸ್ಯಾಂಟಲಾಲ್ ಎಂಬ ಪದಾರ್ಥ. ಅದರ ಒಂದು ಅಣುವಿನಲ್ಲಿ 15 ಇಂಗಾಲ, 24 ಜಲಜನಕ, ಒಂದೇ ಒಂದು ಆಮ್ಲಜನಕ. ಇದರಲ್ಲಿ ಆಲ್ಫಾ, ಬೀಟಾ ಎಂದು ಅಣ್ಣತಮ್ಮಂದಿರು. ಎಣ್ಣೆಯಲ್ಲಿ ಹೆಚ್ಚು ಜಾಗ ಹಿಡಿದು ಕೂತಿರುವವನು ಅಣ್ಣ. ನಾವು ಗಂಧ ಎಂದು ಗುರುತಿಸುವ ಪರಿಮಳದಲ್ಲಿ ಹೆಚ್ಚಿನ ದುಡಿಮೆ ತಮ್ಮನದು. (ಇಂಥ ಅಣ್ಣತಮ್ಮಂದಿರು ಇಲ್ಲದ ಮನೆ ಯಾವುದಿದೆ?) ಆ ತಮ್ಮನನ್ನು ಹೋಲುವ, ಒಂದೆರಡು ಮೂಲೆಯಲ್ಲಿ ಮಾತ್ರ ಬೇರೆಯಾದ ಅಣುವನ್ನು ಮರ ಕಡಿಯದೆ ಗಾಜಿನ ಬುರುಡೆಯಲ್ಲಿ ಕಟ್ಟುವುದು, ಕಟ್ಟಿದ್ದು ಮೂಗಿಗೆ ಗಂಧ ಎನ್ನಿಸುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ.

ಕಟ್ಟಲು ಹದಿನಾಲ್ಕು ಹಂತ. ಪ್ರತಿ ಹಂತದಲ್ಲೂ ನೂರಕ್ಕೆ ಎಂಬತ್ತು ಪಾಲು ಕೈಗೆ ಬಂದರೆ ಆ ದಿನ ಲ್ಯಾಬಿನಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ, ಅಷ್ಟು ಒಳ್ಳೆಯ ದಿನ. ಆ ಲೆಕ್ಕದಲ್ಲೇ ನೂರು ರೂಪಾಯಿ ಹಿಡಿದು ಹೊರಡಿ. ಪ್ರತಿ ಅಂಗಡಿಯಲ್ಲೂ ಕೈಯಲ್ಲಿರುವುದರ ಐದನೇ ಒಂದು ಪಾಲು ಬಿಟ್ಟು ಬನ್ನಿ. ಹದಿನಾಲ್ಕನೇ ಅಂಗಡಿಯಿಂದ ಹೊರಬರುವಾಗ ಜೇಬಿನಲ್ಲಿ ನಾಲ್ಕೂವರೆ ರೂಪಾಯಿಯೂ ಇರುವುದಿಲ್ಲ. ನನ್ನ ಎಷ್ಟೋ ಹಂತಗಳು ಎಂಬತ್ತರ ಹತ್ತಿರವೂ ಬಂದಿಲ್ಲ. ಇನ್ನು ಉಕ್ಕಿ ಹೋದದ್ದು ಬೇರೆ. ಗೃಹಪ್ರವೇಶದ ದಿನ ಹಾಲು ಉಕ್ಕಿದರೆ ಶುಭ. ಲ್ಯಾಬಿನಲ್ಲಿ ದ್ರಾವಕವನ್ನು ಆವಿ ಮಾಡಿ ತೆಗೆಯುವ ಯಂತ್ರದ ಮುಂದೆ ನಿಂತು ಒಂದು ಕ್ಷಣ ಆ ಕಡೆ ತಿರುಗಿದೆ, ಹನ್ನೆರಡನೇ ಹಂತದ ಪದಾರ್ಥ ಬುಸ್ಸೆಂದು ಉಕ್ಕಿ ಯಂತ್ರದ ಕೊಳವೆಯೊಳಗೆ ಹೋಯಿತು. ಆರು ವಾರದ ಕೆಲಸ. ಕೊಳವೆ ತೊಳೆದು ತೊಳೆದು ಅದರಲ್ಲಿ ಅರ್ಧ ವಾಪಸು ತೆಗೆದೆ. ಆ ಸಂಜೆ ಅಮ್ಮ ಫೋನಿನಲ್ಲಿ "ಊಟ ಆಯ್ತಾ?" ಎಂದಾಗ ಅಳು ಬಂತು. ಅಮ್ಮ ಊಟ ಆಗಿಲ್ಲವೆಂದು ತಿಳಿದಳು. ಅದೂ ನಿಜವೇ ಆಗಿತ್ತು.

ವಾಸನೆಯ ಹುಚ್ಚು ನನಗೆ ಹತ್ತಿದ್ದು ಕಾಲೇಜಿನಲ್ಲಲ್ಲ, ಬಸ್ಸಿನಲ್ಲಿ. ಆಗ ಅಜ್ಜಿ ತಾತ ರಾಜಾಜಿನಗರದಲ್ಲಿದ್ದರು. ತಾತ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಶೆಡ್ಡೊಂದರಲ್ಲಿ ಲೇತ್ ಆಪರೇಟರ್. ಸಂಜೆ ಸೈಕಲ್ಲಿನಿಂದ ಇಳಿದರೆ ಮೈಯೆಲ್ಲ ಕಬ್ಬಿಣದ ಚೂರಿನ, ಕಟಿಂಗ್ ಆಯಿಲ್‌ನ ವಾಸನೆ. ಪಶ್ಚಿಮ ಬೆಂಗಳೂರನ್ನು ನಾನು ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದೆ. ಮಾಗಡಿ ರಸ್ತೆಯ ಆಚೀಚೆ ವಠಾರಗಳಲ್ಲಿ ಹೆಂಗಸರು ಊದುಬತ್ತಿ ಹೊಸೆದು ಬಿಸಿಲಿಗೆ ಹರಡಿರುತ್ತಿದ್ದರು, ಇದ್ದಿಲ ಪುಡಿಯ ಜೊತೆ ಜಿಗಟಿನ ವಾಸನೆ. ಚಿಕ್ಕಮ್ಮನ ಮನೆ ಕೆಂಗೇರಿ ಉಪನಗರ. ಮೈಸೂರು ರಸ್ತೆ ಹಿಡಿದರೆ ಸಾಕು, ಬಸ್ಸಿನ ಅರ್ಧ ಜನ ಸೆರಗೋ ಕರ್ಚೀಫೋ ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಐತಿಹ್ಯವಿರುವ ವೃಷಭಾವತಿ ಗಾಳಿ ಆಂಜನೇಯನ ಗುಡಿ ದಾಟಿ ಕೆಂಗೇರಿ ಮುಟ್ಟುವಷ್ಟರಲ್ಲಿ ನದಿಯೆಂಬ ಹೆಸರನ್ನು ಕಳೆದುಕೊಂಡು 'ಮೋರಿ' ಆಗಿರುತ್ತಿದ್ದಳು. ಮಳೆ ಬಂದ ಮಾರನೆ ದಿನ ಅದರ ಮೇಲೆ ಹಿಮದಂಥ ಬಿಳಿ ನೊರೆ. ಹಿಮವನ್ನೇ ನೋಡದ ನಾನು ಅದನ್ನು ನೋಡಿ ಚಪ್ಪಾಳೆ ತಟ್ಟಿದ್ದೇನಂತೆ. ನಮ್ಮೆಲ್ಲರ ಬಚ್ಚಲಿನ ಸೋಪು, ಬಟ್ಟೆ ಪುಡಿ, ಕಾರ್ಖಾನೆಗಳ ಕೊಳೆ ಸೇರಿ ಎಬ್ಬಿಸಿದ ನೊರೆ ಅದು ಎಂದು ತಿಳಿಯಲು ಎಂಎಸ್ಸಿವರೆಗೆ ಓದಬೇಕಿರಲಿಲ್ಲ. ಓದಿದ ಮೇಲೆ ಅದಕ್ಕೊಂದು ಹೆಸರು ಸಿಕ್ಕಿತು, ಅಷ್ಟೇ.

ಇಷ್ಟೆಲ್ಲ ವಾಸನೆಗಳ ನಡುವೆ ಸೋಪ್ ಫ್ಯಾಕ್ಟರಿ ಸ್ಟಾಪು. ಕಂಡಕ್ಟರ್ ಕೂಗುವುದಕ್ಕೆ ಮುಂಚೆಯೇ ಗಾಳಿ ಕೂಗುತ್ತಿತ್ತು. ಬಸ್ಸಿಗೆ ಬಸ್ಸೇ ಒಂದು ಸಲ ಉಸಿರೆಳೆದುಕೊಳ್ಳುತ್ತಿತ್ತು ಎಂದು ನನ್ನ ನೆನಪು. ಉತ್ಪ್ರೇಕ್ಷೆ ಇದ್ದರೂ ಇರಬಹುದು. 2014ರಲ್ಲಿ ಮೆಟ್ರೊ ಬಂದಾಗ ಅಲ್ಲಿನ ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರಿಟ್ಟರು. ಆದರೆ ಎ.ಸಿ. ಬೋಗಿ, ಮುಚ್ಚಿದ ಕಿಟಕಿ. ಹೆಸರನ್ನು ಮೈಕಿನಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ, ವಾಸನೆ ಮಾತ್ರ ಕೆಳಗೆ ರಸ್ತೆಯಲ್ಲೇ ಉಳಿಯುತ್ತದೆ.

ಆ ಫ್ಯಾಕ್ಟರಿಯ ಹಿಂದೆ ಒಂದು ಮಹಾಯುದ್ಧವಿದೆ, ವಿದೇಶಕ್ಕೆ ಹೋದ ಒಬ್ಬ ಕೆಮಿಸ್ಟ್ರಿ ವಿದ್ಯಾರ್ಥಿ ಇದ್ದಾರೆ ಎಂಬುದು ನನಗೆ ತಿಳಿದದ್ದು ನಾನು ಓದುತ್ತಿರುವ ಗೊಟ್ಟಿಂಗೆನ್ನಿನಲ್ಲಿ, ಒಂದು ಚಳಿ ಸಂಜೆ ಗ್ರಂಥಾಲಯದಲ್ಲಿ ಏನನ್ನೋ ಹುಡುಕುತ್ತಿದ್ದಾಗ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷ ಎಂದು ಸಾರಿದ; ಅಲ್ಲಿಂದಾಚೆ ಯಾರ ಹಿತ್ತಲಲ್ಲಿ ಬೆಳೆದರೂ ಮರ ದೊರೆಯದು. ಮುಂದೆ ಮೈಸೂರು ಸಂಸ್ಥಾನ ತನ್ನ ಕಾಡಿನ ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಕೊಂಡು ಒಯ್ಯುತ್ತಿದ್ದವರಲ್ಲಿ ಮುಂದಾಳುಗಳು ಜರ್ಮನಿಯವರು. ಲೈಪ್‌ಜಿಗ್ ಬಳಿಯ ಮಿಲ್ಟಿಟ್ಸ್‌ನ ಶಿಮೆಲ್ ಕಂಪನಿ ಆ ಕಾಲದ ಸುಗಂಧತೈಲಗಳ ಲೋಕದಲ್ಲಿ ದೊಡ್ಡ ಹೆಸರು. ನಮ್ಮ ಕೊರಡು ಹಡಗು ಹತ್ತಿ ಅಲ್ಲಿಗೆ ಹೋಗಿ ಭಟ್ಟಿ ಇಳಿಸಿಕೊಂಡು ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾದದ್ದೇ ಕೊಳ್ಳುವವರು ಶತ್ರುಗಳಾದರು, ಗಂಧ ಗೋದಾಮಿನಲ್ಲಿ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ದೊರೆ, ವಿಶ್ವೇಶ್ವರಯ್ಯ ದಿವಾನರು, ಕೈಗಾರಿಕೆ ಇಲಾಖೆಯಲ್ಲಿ ಆಲ್ಫ್ರೆಡ್ ಚಾಟರ್ಟನ್. ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೊ, ವಾಟ್ಸನ್ ಎಂಬ ಇಬ್ಬರು ಪ್ರಾಧ್ಯಾಪಕರು ಇಲ್ಲೇ ಎಣ್ಣೆ ತೆಗೆಯುವ ಬಗೆ ಕಂಡುಕೊಂಡರು. 1916ರಲ್ಲಿ ಬೆಂಗಳೂರಿನಲ್ಲೇ ಭಟ್ಟಿ ಇಳಿಯಿತು.

ಎಣ್ಣೆಯೇನೋ ಬಂತು. ಎಣ್ಣೆಯನ್ನು ಸೋಪಿಗೆ ಸುರಿದರೆ ಗಂಧದ ಸೋಪು ಆಗುವುದಿಲ್ಲ. ಸೋಪಿನ ಕ್ಷಾರದಲ್ಲಿ ಪರಿಮಳ ಕೆಡಬಾರದು, ಪೆಟ್ಟಿಗೆಯಲ್ಲಿ ಹಾರಿಹೋಗಬಾರದು, ನೀರು ಬಿದ್ದಾಗ ಮೇಲೇಳಬೇಕು. ಇದಕ್ಕೆ ಬೇಕಾದ ವಿದ್ಯೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋದರು. ಸೋಸಲೆ ತಿರುಮಕೂಡಲು ನರಸೀಪುರದ ಹತ್ತಿರದ ಊರು. ಗರಳಪುರಿ ಎಂದರೆ ನಂಜನಗೂಡು. ಹೆಸರಿನಲ್ಲೇ ವಿಷ ಇಟ್ಟುಕೊಂಡ ಮನುಷ್ಯ ಪರಿಮಳ ಕಲಿಯಲು ಹೊರಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಕಲಿತು ಬಂದರು, ಗಂಧದೆಣ್ಣೆಯಿಂದ ಸೋಪಿಗೆ ಹೊಂದುವ ಪರಿಮಳ ಕಟ್ಟಿದರು, ಜನ ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಮೊಟ್ಟೆಯಾಕಾರದ ಸೋಪು, ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೇಲೆ ಆನೆಯ ತಲೆ ಸಿಂಹದ ಮೈಯ ಶರಭ. ಕಬ್ಬನ್ ಪಾರ್ಕಿನ ಬಳಿ ಶುರುವಾದ ಕಾರ್ಖಾನೆ 50ರ ದಶಕದಲ್ಲಿ ನಮ್ಮ ರಾಜಾಜಿನಗರದ ಕಡೆಗೆ ಬಂತು.

ಶಾಸ್ತ್ರಿಗಳ ಮನೆಯವರು ಅವರನ್ನು "ಎಷ್ಟು ಮಾಡ್ದೆ?" ಎಂದು ಕೇಳಿದ್ದರೆ ಅವರು ಬೀದಿಗೆ ಕೈ ತೋರಿಸಬಹುದಿತ್ತು. ಪ್ರತಿ ಮನೆಯ ಬಚ್ಚಲ ಗೂಡಿನಲ್ಲೂ ಅವರ ಥೀಸಿಸ್ ಕೂತಿತ್ತು. ನನ್ನದು ಬೆರಳಿನ ಗಾತ್ರದ ಗಾಜಿನ ಶೀಶೆಯ ತಳದಲ್ಲಿ, ಫ್ರೀಜರಿನೊಳಗೆ, ಓರೆ ಮಾಡಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ.

ಹಾಗೆಂದು ಅವರ ಕಾಲ ಚೆನ್ನಾಗಿತ್ತು, ನಮ್ಮದು ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಅವರ ಮೇಲೆ ಸಂಸ್ಥಾನದ ಒಂದು ಗೋದಾಮು ಗಂಧದ ಭಾರವಿತ್ತು. ನನ್ನ ಮೇಲೆ ಅಂಥದ್ದೇನೂ ಇಲ್ಲ. ಗಂಧದ ಮರದ ಒಂದು ಗುಟ್ಟು ಗೊತ್ತೇ? ಅದು ಅರೆ ಪರಾವಲಂಬಿ. ಎಲೆಯಲ್ಲಿ ತನ್ನ ಅಡುಗೆ ತಾನು ಮಾಡಿಕೊಳ್ಳುತ್ತದೆ, ಆದರೆ ಮಣ್ಣಿನೊಳಗೆ ಪಕ್ಕದ ಗಿಡದ ಬೇರಿಗೆ ಬಾಯಿಟ್ಟು ನೀರನ್ನೂ ಸಾರವನ್ನೂ ಹೀರುತ್ತದೆ. ನನ್ನದೂ ಅದೇ ಬಾಳು. ಜರ್ಮನಿಯಲ್ಲಿ ಕೆಮಿಸ್ಟ್ರಿ ಪಿಎಚ್‌ಡಿಯವರಿಗೆ ಸಾಮಾನ್ಯವಾಗಿ ಅರ್ಧ ಹುದ್ದೆಯ ಸಂಬಳ, ಇಲ್ಲವೇ ಸ್ವಲ್ಪ ಮೇಲೆ; ಕೆಲಸ ಮಾತ್ರ ಪೂರ್ತಿಗಿಂತ ಹೆಚ್ಚು. ಫೀಸು ಎಂಬುದು ಹೆಸರಿಗಷ್ಟೇ. ಅಲ್ಲಿನವರ ತೆರಿಗೆಯ ಬೇರಿಗೆ ಬಾಯಿಟ್ಟು ನಾನು ಪರಿಮಳದ ಕನಸು ಕಾಣುತ್ತಿದ್ದೇನೆ.

ಗೊಟ್ಟಿಂಗೆನ್‌ಗೆ ಹೋದ ಹೊಸತರಲ್ಲಿ ಭಾಷೆಯ ಭಯವಿತ್ತು. ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಬಂದಾಗ ಆಮ್ಲಜನಕವೆಲ್ಲ ಆಕ್ಸಿಜನ್ ಆಗಿ, ನಾನು ಆರು ತಿಂಗಳು ಮೂಕಿಯಾಗಿದ್ದೆ. ಜರ್ಮನ್ ತರಗತಿಯಲ್ಲಿ ಆ ಸೇಡು ತೀರಿತು. ಅವರ ಆಮ್ಲಜನಕ 'ಸಾವರ್‌ಷ್ಟೋಫ್', ಹುಳಿಯ ವಸ್ತು. ಜಲಜನಕ 'ವಾಸರ್‌ಷ್ಟೋಫ್', ನೀರಿನ ವಸ್ತು. ಇಂಗಾಲ 'ಕೋಲನ್‌ಷ್ಟೋಫ್', ಇದ್ದಿಲ ವಸ್ತು. ಇಂಗ್ಲಿಷಿನಲ್ಲಿ ಕಲಿತ ಗೆಳೆಯರು ಉರು ಹೊಡೆಯುತ್ತಿದ್ದಾಗ ನಾನು ಎಂಟನೇ ತರಗತಿಯ ಪುಸ್ತಕವನ್ನು ಮತ್ತೆ ಓದುತ್ತಿರುವ ಹಾಗೆ ಕೂತಿದ್ದೆ. ಸಾರಜನಕದಲ್ಲಿ ಮಾತ್ರ ಎಡವಿದೆ: ಅವರಿಗೆ ಅದು 'ಷ್ಟಿಕ್‌ಷ್ಟೋಫ್', ಉಸಿರುಕಟ್ಟಿಸುವ ವಸ್ತು. ನಾವು ಅದೇ ಗಾಳಿಯಲ್ಲಿ ಸಾರ ಕಂಡೆವು, ಅವರು ಸಾವು ಕಂಡರು. ಸೋಪು ಹುಟ್ಟಿದ ಆ ವರ್ಷಗಳಲ್ಲೇ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ನನ್ನಂಥವಳು ನೂರು ವರ್ಷದ ನಂತರ ಪರದೇಶದ ಬೆಂಚಿನ ಮೇಲೆ ಕೂತು ಅದರ ಬಡ್ಡಿ ತಿನ್ನುತ್ತಾಳೆಂದು ಅವರು ಎಣಿಸಿರಲಾರರು.

ಗೈಡ್ ಎಂಬ ಪದ ಅಲ್ಲಿಲ್ಲ. 'ಡೊಕ್ಟೊರ್‌ಫಾಟರ್' ಎನ್ನುತ್ತಾರೆ, ಡಾಕ್ಟರೇಟಿನ ಅಪ್ಪ. ಅಪ್ಪನಿಗೆ ಇದನ್ನು ಹೇಳಿದಾಗ "ನಾನು ಬರೀ ಫೀಸಿನ ಅಪ್ಪ ಅನ್ನು" ಎಂದರು.

ಊರು ಚಿಕ್ಕದು, ನದಿ ಲೈನೆ, ಅದೂ ಚಿಕ್ಕದು. ಆದರೆ ನನ್ನ ಕೆಲಸಕ್ಕೆ ಅದಕ್ಕಿಂತ ಸರಿಯಾದ ತವರಿಲ್ಲ. ಕರ್ಪೂರ, ಪುದೀನ, ನಿಂಬೆ ಸಿಪ್ಪೆ, ಗಂಧ ಇವೆಲ್ಲ ಐದೈದು ಇಂಗಾಲದ ಒಂದೇ ಅಚ್ಚಿನ ಇಟ್ಟಿಗೆಗಳಿಂದ ಕಟ್ಟಿದ ಮನೆಗಳು ಎಂದು ಕಂಡವರು ಓಟೊ ವಾಲಾಖ್. ಗಂಧದಲ್ಲಿ ಅಂಥ ಮೂರು ಇಟ್ಟಿಗೆ. 1889ರಿಂದ ಗೊಟ್ಟಿಂಗೆನ್ನಿನಲ್ಲಿ ಪಾಠ ಹೇಳಿದರು, 1910ರಲ್ಲಿ ನೊಬೆಲ್ ಬಂತು. ಅವರ ಕತೆ ಶುರುವಾಗುವುದು ಬಾನ್ ಊರಿನ ಒಂದು ಕಪಾಟಿನಿಂದ. ಅಲ್ಲಿ ಕೆಕುಲೆ ಎಂಬ ಮಹಾಶಯರ ಕೈಕೆಳಗೆ ಇದ್ದಾಗ, ಯಾರೂ ಮುಟ್ಟದೆ ವರ್ಷಗಟ್ಟಲೆ ದೂಳು ತಿನ್ನುತ್ತಿದ್ದ ಸುಗಂಧತೈಲಗಳ ಶೀಶೆಗಳು ಕಣ್ಣಿಗೆ ಬಿದ್ದವು. ತೆಗೆದುಕೊಳ್ಳಲೇ ಎಂದು ಕೇಳಿದರು. ಕೆಕುಲೆ ನಕ್ಕು ಒಪ್ಪಿದರು. ಬೇರೆಯವರು ಬಿಟ್ಟ ಶೀಶೆಯಲ್ಲಿ ಒಂದು ಬಾಳು ಸಿಕ್ಕಿತು. ನಮ್ಮ ಲ್ಯಾಬಿನ ಹಳೆಯ ಕಪಾಟುಗಳನ್ನು ನಾನೂ ಆಗಾಗ ತೆಗೆದು ನೋಡುತ್ತೇನೆ. ಇದುವರೆಗೆ ಸಿಕ್ಕಿದ್ದು ಯಾರದೋ ಒಂಟಿ ಗ್ಲೌಸು.

ಆ ಊರಿನ ಸ್ಮಶಾನದಲ್ಲಿ ವಾಲಾಖ್ ಮಲಗಿದ್ದಾರೆ. ಮ್ಯಾಕ್ಸ್ ಪ್ಲಾಂಕ್, ಓಟೊ ಹಾನ್, ಮ್ಯಾಕ್ಸ್ ಬಾರ್ನ್ ಎಲ್ಲ ಅಲ್ಲೇ. ಪ್ಲಾಂಕರ ಕಲ್ಲಿನ ಮೇಲೆ ಅವರು ಕಂಡುಹಿಡಿದ ಸ್ಥಿರಾಂಕವನ್ನೇ ಕೆತ್ತಿದ್ದಾರೆ. ಕೆಲಸ ಕೆಟ್ಟ ದಿನ ಅಲ್ಲಿ ನಡೆದಾಡಲು ಹೋಗುತ್ತೇನೆ. ಇಷ್ಟು ಜನ ನೊಬೆಲ್ ಪಡೆದವರು ಒಟ್ಟಿಗೆ ಸುಮ್ಮನಿರುವ ಜಾಗ ಬೇರೆಲ್ಲಿ ಸಿಗಬೇಕು? ಅಜ್ಜಿಗೆ ಇದನ್ನು ಹೇಳಬಾರದಿತ್ತು. "ಸ್ಮಶಾನಕ್ಕೆ ವಾಕಿಂಗ್ ಹೋಗ್ತಾಳಂತೆ" ಎಂದು ಬೀದಿಗೆಲ್ಲ ಸುದ್ದಿಯಾಯಿತು.

ಅದಕ್ಕಿಂತ ದೊಡ್ಡ ಸುದ್ದಿ ಗೊಂಬೆಯದ್ದು. ಹಳೆಯ ಪುರಭವನದ ಮುಂದೆ ಒಂದು ಕಾರಂಜಿ, ಅದರ ಮೇಲೆ ಹೆಬ್ಬಾತುಗಳನ್ನು ಹಿಡಿದ ಹುಡುಗಿಯ ಕಂಚಿನ ಬೊಂಬೆ. ಹೆಸರು ಗೇನ್ಸೆಲೀಸೆಲ್, 1901ರದ್ದು. ಪಿಎಚ್‌ಡಿ ಗೆದ್ದವರನ್ನು ಸಿಂಗರಿಸಿದ ಗಾಡಿಯಲ್ಲಿ ಕೂರಿಸಿ ಗೆಳೆಯರು ಎಳೆದು ತರುತ್ತಾರೆ, ಅವರು ಹತ್ತಿ ಅವಳಿಗೆ ಹೂವು ಕೊಟ್ಟು ಮುತ್ತಿಡಬೇಕು. 1926ರಲ್ಲಿ ಪೊಲೀಸರು ಮುತ್ತಿಗೆ ನಿಷೇಧ ಹಾಕಿದರು, ಯಾರೂ ಲೆಕ್ಕಕ್ಕಿಡಲಿಲ್ಲ. ಅಜ್ಜಿ ಕೇಳಿದ್ದು ಒಂದೇ: "ಅಷ್ಟು ಜನ ಎಂಜಲು ಮಾಡಿದ ಬೊಂಬೇನ ತೊಳೀತಾರೋ ಇಲ್ವೋ?"

ಭಾನುವಾರ ಆ ಊರು ಉಸಿರು ಬಿಗಿಹಿಡಿದಿರುತ್ತದೆ. ಅಂಗಡಿ ಇಲ್ಲ, ಸದ್ದು ಮಾಡುವಂತಿಲ್ಲ. ಮೊದಲ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ಹತ್ತು ನಿಮಿಷಕ್ಕೆ ಬಾಗಿಲ ಕೆಳಗಿನಿಂದ ಒಂದು ಚೀಟಿ ತೂರಿಬಂತು. ಈಗ ಚಟ್ನಿ ಶನಿವಾರವೇ. ದೋಸೆ ಹಿಟ್ಟನ್ನು ಕಿಟಕಿಯ ಕೆಳಗಿನ ಹೀಟರಿನ ಮೇಲೆ ಟವೆಲ್ ಸುತ್ತಿ ಇಡುತ್ತೇನೆ. ಲ್ಯಾಬಿನಲ್ಲಿ ಡಿಗ್ರಿಗೆ ಡಿಗ್ರಿ ಉಷ್ಣತೆ ಹಿಡಿಯುವವಳು ಮನೆಯಲ್ಲಿ ಟವೆಲಿನ ಮೇಲೆ ಕೈಯಿಟ್ಟು ಹದ ನೋಡುತ್ತೇನೆ. ಹಿಟ್ಟು ನನ್ನ ಅಣುಗಳಿಗಿಂತ ಮರ್ಯಾದಸ್ಥ, ಒಂದು ದಿನವೂ ಕೈಕೊಟ್ಟಿಲ್ಲ.

ರಜದ ಕೊನೆಯ ವಾರ ಅಜ್ಜಿಯ ಮುಂದೆ ಒಂದು ಅಸ್ತ್ರ ಬಿಟ್ಟೆ. ಜರ್ಮನಿಯ ಬೋಖುಮ್ ಊರಿನವರು 2014ರಲ್ಲಿ ಪ್ರಕಟಿಸಿದ ಸಂಗತಿ: ವಾಸನೆ ಹಿಡಿಯುವ ಗ್ರಾಹಿಗಳು ಮೂಗಿನಲ್ಲಷ್ಟೇ ಅಲ್ಲ, ಚರ್ಮದಲ್ಲೂ ಇವೆ. ಅವುಗಳಲ್ಲಿ ಒಂದು ಗಂಧದ ವಾಸನೆಯ ಪದಾರ್ಥಕ್ಕೆ ಎಚ್ಚೆತ್ತುಕೊಳ್ಳುತ್ತದೆ. ಹಾಗಾದಾಗ ಚರ್ಮದ ಕೋಶಗಳು ಚುರುಕಾಗಿ ಗಾಯ ಮುಚ್ಚುವ ಕೆಲಸ ಬೇಗ ಸಾಗುತ್ತದೆ. ಅಜ್ಜಿ ಗೆದ್ದವಳ ಹಾಗೆ ನೋಡಿದಳು. "ಅದಕ್ಕೇ ಅಲ್ವೇನೇ ನಾವು ಗಂಧ ತೇಯ್ದು ಹಚ್ಚೋದು! ಇದನ್ನ ಹೇಳೋಕೆ ಅವರಿಗೆ ಇಷ್ಟು ವರ್ಷ ಬೇಕಾಯ್ತಾ?" ಅವರು ಪ್ರಯೋಗ ಮಾಡಿದ್ದು ಸ್ಯಾಂಡಲೋರ್ ಎಂಬ ಕೃತಕ ಸುಗಂಧದಿಂದ, ಸಾಣೆಕಲ್ಲಿನ ಗಂಧದಿಂದಲ್ಲ ಎಂದು ಹೇಳಬೇಕಿತ್ತು. ವಿಜ್ಞಾನದ ವಿದ್ಯಾರ್ಥಿಯಾಗಿ ಅದು ನನ್ನ ಧರ್ಮ. ಹೇಳಲಿಲ್ಲ.

ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸು ತೂಕದ ಯಂತ್ರದ ಮೇಲೆ ನಿಂತಿತು. 23 ಕೆ.ಜಿ. ಮೀರಬಾರದು. ವಿಜಯನಗರದ ಮಿಲ್ಲಿನಲ್ಲಿ ಅಮ್ಮ ನಿಂತು ಬೀಸಿಸಿಕೊಂಡು ಬಂದ ಸಾರಿನ ಪುಡಿ, ಚಿಕ್ಕಮ್ಮ ಕೆಂಗೇರಿಯಿಂದ ತಂದ ಹಪ್ಪಳ, ಮಾವ ಕೊಟ್ಟ ಸಿ.ಎನ್.ಆರ್. ರಾವ್ ಕುರಿತ ಪುಸ್ತಕ. ಎಲ್ಲ ಮುಗಿದ ಮೇಲೆ ಅಜ್ಜಿ ಬೀರುವಿನಿಂದ ಹತ್ತು ಸೋಪು ತಂದು ಸುರಿದಳು. 75 ಗ್ರಾಂನವು. "ತಗೊಂಡ್ಹೋಗು, ಮುಕ್ಕಾಲು ಕೇಜಿ ಇದೆ. ನಿನ್ನ ಕಾಲು ಗುಲಗಂಜಿ ಜೊತೆ ಇಟ್ಕೋ." ಮಾವನ ಪುಸ್ತಕ ಹೊರಬಂತು. ಮಾವನಿಗೆ ಹೇಳಬೇಡಿ.

ವಾಪಸು ಹೋದ ಮೂರನೇ ವಾರ ಹದಿನಾಲ್ಕನೇ ಹಂತವನ್ನು ಎರಡನೇ ಸಲ ಮುಗಿಸಿದೆ. ಕೊನೆಗೆ ಕಾಲಮ್ ಹಾಕಬೇಕು. ಕಾಲಮ್ ಎಂದರೆ ಆಳೆತ್ತರದ ಕಾಫಿ ಫಿಲ್ಟರು ಅಂದುಕೊಳ್ಳಿ: ಗಾಜಿನ ಕೊಳವೆ, ಪುಡಿಯ ಜಾಗದಲ್ಲಿ ಸಿಲಿಕಾ, ಮೇಲಿನಿಂದ ದ್ರಾವಕ ಸುರಿದರೆ ಬೆರೆತಿರುವ ಪದಾರ್ಥಗಳು ಒಂದೊಂದಾಗಿ ಬೇರೆಯಾಗಿ ಹನಿಹನಿಯಾಗಿ ಇಳಿಯುತ್ತವೆ. ಕೆಳಗೆ ಸಾಲಾಗಿ ನಳಿಗೆ ಹಿಡಿಯುತ್ತ ಹೋಗಬೇಕು. ನಾಲ್ಕೈದು ಗಂಟೆಯ ಕೆಲಸ. ಕಿವಿಯಲ್ಲಿ ರಾಜ್‌ಕುಮಾರ್ ಹಾಡು ಹಾಕಿಕೊಂಡು ನಿಂತಿರುತ್ತೇನೆ. ಪಕ್ಕದ ಬೆಂಚಿನ ಜರ್ಮನ್ ಹುಡುಗ ನನ್ನ ತಲೆಯ ಆಟ ನೋಡಿಯೇ ಹಾಡಿನ ತಾಳ ಹೇಳಬಲ್ಲ. ಲ್ಯಾಬಿನಲ್ಲಿ ಯಾವುದನ್ನೂ ಮೂಸಬಾರದು ಎಂಬುದು ಮೊದಲ ದಿನದ ಪಾಠ. ನಮ್ಮ ಯೋಜನೆಗೆ ಮಾತ್ರ, ಅದೂ ಕಟ್ಟಕಡೆಯ ಶುದ್ಧ ಪದಾರ್ಥವನ್ನು ತೆಳ್ಳಗೆ ಮಾಡಿ ಕಾಗದದ ಪಟ್ಟಿಗೆ ಮುಟ್ಟಿಸಿ ಮೂಸಲು ಅಪ್ಪಣೆ.

ಮೂಸಿದೆ. ಗಂಧ! ಅನುಮಾನವೇ ಇಲ್ಲ, ಬೀರು ತೆಗೆದ ಹಾಗೆ. ಎರಡನೇ ಪಟ್ಟಿ ಮೂಸಿದೆ, ಅದೂ ಗಂಧ. ಮೂರು, ನಾಲ್ಕು. ಕೈ ನಡುಗಿತು. ಅರ್ಧ ಗಂಟೆ ನಾನು ಸೋಪ್ ಶಾಸ್ತ್ರಿಗಳ ಪಕ್ಕದಲ್ಲಿ ಕೂತಿದ್ದೆ. ಮೆಟ್ಟಿಲು ಹತ್ತಿ ಓಡಿ ಡೊಕ್ಟೊರ್‌ಫಾಟರನ್ನು ಕರೆತಂದೆ. ಅವರು ಪಟ್ಟಿಗಳನ್ನು ಒಂದೊಂದಾಗಿ ಮೂಸಿದರು. ಆಮೇಲೆ ಏನನ್ನೂ ಮುಟ್ಟಿಸದ ಖಾಲಿ ಪಟ್ಟಿಯೊಂದನ್ನು ನನ್ನ ಕೈಯಿಂದಲೇ ತೆಗೆಸಿ ಮೂಸಿದರು. ಅದೂ ಗಂಧ.

"ಯಾವ ಸೋಪು ಬಳಸುತ್ತೀಯ?" ಎಂದು ಕೇಳಿದರು.

ಅವರ ಕೋಣೆಯಲ್ಲಿ ಈಗ ಒಂದು ಡಬ್ಬಿ ಇದೆ. ಶರಭನನ್ನು ಗಾಜಿನ ಕಪಾಟಿನಲ್ಲಿ ನಿಲ್ಲಿಸಿಕೊಂಡಿದ್ದಾರೆ. ನನಗೆ ಮಾತ್ರ ಲ್ಯಾಬಿನ ದಿನಗಳಲ್ಲಿ ವಾಸನೆಯಿಲ್ಲದ ಸೋಪೇ ಆಗಬೇಕೆಂದು ಆಜ್ಞೆಯಾಯಿತು. ಎರಡು ದಿನ ಕಳೆದು, ಕೈ ತೊಳೆದು ತೊಳೆದು, ಹೊಸ ಪಟ್ಟಿಗಳನ್ನು ಬೇರೆಯವರ ಕೈಯಲ್ಲಿ ಮುಟ್ಟಿಸಿ ಮೂಸಿದಾಗ ನನ್ನ ಕಾಲು ಗುಲಗಂಜಿಗೆ ಒಂದು ವಾಸನೆ ಇತ್ತು: ದೂರದಲ್ಲಿ ಯಾರೋ ಪೆನ್ಸಿಲ್ ಚೂಪು ಮಾಡಿದ ಹಾಗೆ. ಅದರ ಕೊನೆಯಲ್ಲಿ ಏನೋ ಒಂದು ಎಳೆ ಇದೆ ಎಂದು ನಾನು, ಏನೂ ಇಲ್ಲ ಎಂದು ಪಕ್ಕದ ಬೆಂಚಿನ ಹುಡುಗ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿದ್ದೇನೆ.

ಈಗ ಅಜ್ಜಿಯ ಸೋಪು ಭಾನುವಾರಕ್ಕೆ ಮಾತ್ರ. ಎಣ್ಣೆ ಹಚ್ಚಿಕೊಂಡು, ನೀರಿನ ಸದ್ದು ಕೆಳಗಿನವರಿಗೆ ಕೇಳದಷ್ಟು ಸಣ್ಣಗೆ ನಲ್ಲಿ ಬಿಟ್ಟುಕೊಂಡು ಸ್ನಾನ. ಹೋದ ಭಾನುವಾರ ಫೋನಿನಲ್ಲಿ ಅಜ್ಜಿ, "ಸೋಪು ಖಾಲಿ ಆಯ್ತೇನೇ?" ಎಂದಳು.

"ಇಲ್ಲ ಅಜ್ಜಿ, ವಾರಕ್ಕೊಂದೇ ದಿನ. ಇನ್ನೂ ಏಳಿದೆ."

"ಹಾಗೆ ಸುಮ್ನೆ ಇಟ್ರೆ ಗಮ ಹೋಗುತ್ತೆ. ಬೀರೂಲಿ ಬಟ್ಟೆ ಮಧ್ಯ ಇಡು."

ಇಟ್ಟೆ. ಹೇಳಿದ್ದನ್ನು ಮಾಡುವ ಅಭ್ಯಾಸ ಕೆಟ್ಟದ್ದು. ಇವತ್ತು ಭಾನುವಾರ ರಾತ್ರಿ. ನಾಳೆ ಬೆಳಿಗ್ಗೆ ಎಂಟಕ್ಕೆ ಹೊಸ ಪಟ್ಟಿಗಳನ್ನು ಮೂಸುವುದಿದೆ, ಹೊರಗೆ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಕಪಾಟಿನ ಬಾಗಿಲು ತೆರೆದು ನಿಂತು ಒಂದೊಂದೇ ಸ್ವೆಟರನ್ನು ಮೂಗಿಗೆ ಹಿಡಿಯುತ್ತಿದ್ದೇನೆ.